ಸಿನಿಮಾ ಲೆಕ್ಕ ಬಿಟ್ಟು ಫೈಬರ್ ಯಾವುದು ಹೇಳಿ

ಸಂಪಾದಕರೇ,

ಜಪಾನಿನಲ್ಲಿ ಇಂಟರ್ನೆಟ್ ವೇಗದ ದಾಖಲೆ ಅಂತ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಸಾಲು: ಸೆಕೆಂಡಿಗೆ ಇಷ್ಟು ಸಾವಿರ ಸಿನಿಮಾ ಡೌನ್‌ಲೋಡ್. ನಾನು ಫೈಬರ್ ಸ್ಪ್ಲೈಸಿಂಗ್ ಕೆಲಸದವನು, ಅಂದರೆ ಬೆಳಕಿನಲ್ಲಿ ಡೇಟಾ ಹೊರುವ ಗಾಜಿನ ಎಳೆಗಳ ತುದಿ ಬೆಸೆಯುವವನು. ಓದಿದವರು ನನಗೆ ಫೋನ್ ಮಾಡಿ, ನಮ್ಮನೆಗೆ ಯಾವಾಗ ಬರುತ್ತೆ ಅಂತ ಕೇಳುತ್ತಾರೆ. ಮನೆಗೆ ಬರಲ್ಲ ಸ್ವಾಮಿ. ಊರಿಂದೂರಿಗೆ ಹೋಗುವ ಕೇಬಲ್‌ನ ಒಂದೇ ಎಳೆ ಒಟ್ಟು ಎಷ್ಟು ಹೊರುತ್ತದೆ ಅನ್ನುವ ಲೆಕ್ಕ ಅದು. ಲಾರಿ ಎಷ್ಟು ಚೀಲ ಹೊತ್ತಿತು ಅನ್ನುವುದನ್ನು ಎಷ್ಟು ಜೋರಾಗಿ ಓಡಿತು ಅಂತ ಬರೆದ ಹಾಗಾಯಿತು.

ಅಸಲಿ ಸುದ್ದಿ ಬೇರೆ ಇದೆ. 2024ರಲ್ಲಿ ಜಪಾನಿನ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಸಿಟಿಯವರು ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯ ಮತ್ತಿತರರ ಜೊತೆ ಸೇರಿ 50 ಕಿ.ಮೀ. ಫೈಬರ್‌ನಲ್ಲಿ ಸೆಕೆಂಡಿಗೆ 402 ಟೆರಾಬಿಟ್ (ಒಂದು ಟೆರಾಬಿಟ್ ಅಂದರೆ ಲಕ್ಷ ಕೋಟಿ ಬಿಟ್) ಕಳಿಸಿದರಲ್ಲ, ಆ ಫೈಬರ್ ಮಾರುಕಟ್ಟೆಯಲ್ಲಿ ಸಿಗುವ ಮಾಮೂಲಿಯದ್ದು! ದೂರದ ಲೈನುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸಿ ಬ್ಯಾಂಡ್, ಅಂದರೆ 1530ರಿಂದ 1565 ನ್ಯಾನೋಮೀಟರ್ ತರಂಗಾಂತರದ ಬೆಳಕು, ಜಾಸ್ತಿ ಅಂದ್ರೆ ಪಕ್ಕದ ಎಲ್ ಬ್ಯಾಂಡ್. ದಾರಿಯಲ್ಲಿ ಕುಗ್ಗಿದ ಬೆಳಕನ್ನು ಮತ್ತೆ ಹೆಚ್ಚಿಸುವ, ಎರ್ಬಿಯಂ ಲೋಹ ಹಾಕಿದ ಆಂಪ್ಲಿಫೈಯರ್ ಚೆನ್ನಾಗಿ ಕೆಲಸ ಮಾಡುವುದು ಅಲ್ಲೇ, ಗಾಜಿನಲ್ಲಿ ಬೆಳಕು ಕುಗ್ಗುವುದೂ ಅಲ್ಲಿ ಕಡಿಮೆ. ಎನ್‌ಐಸಿಟಿಯವರು ಬೇರೆ ತರಂಗಾಂತರದ ಓ, ಇ, ಎಸ್, ಯು ಬ್ಯಾಂಡ್‌ಗಳಲ್ಲೂ ಬೆಳಕು ಹರಿಸಿದರು. ಅದಕ್ಕೆ ಬಿಸ್ಮತ್, ಥುಲಿಯಂ ಹಾಕಿದ ಬೇರೆ ಬೇರೆ ಆಂಪ್ಲಿಫೈಯರ್ ಬೇಕಾದವು. ಹಾಗಾಗಿ ಖರ್ಚೇ ಇಲ್ಲ ಅಂತಲ್ಲ, ದಾರಿಯುದ್ದದ ಯಂತ್ರಗಳನ್ನು ಬದಲಾಯಿಸಬೇಕು, ಆದರೆ ಫೈಬರ್ ಮಾಮೂಲಿಯದೇ ಆದ್ದರಿಂದ ಹೊಸದು ಹಾಕಲು ನೆಲ ಅಗೆಯುವುದು ತಪ್ಪುತ್ತದೆ. ಅಗೆಯುವ ಖರ್ಚು, ಪರ್ಮಿಷನ್ನಿಗೆ ಅಲೆಯುವ ಕಷ್ಟ ಕಂಡವರಿಗೇ ಗೊತ್ತು.

ಇನ್ನೊಂದು ದಾರಿ ಒಂದೇ ಎಳೆಯೊಳಗೆ ಹಲವು ಕೋರ್, ಅಂದರೆ ಬೆಳಕು ಹರಿಯುವ ದಾರಿ, ಇಡುವುದು. ಅದೇ ಸಂಸ್ಥೆ 2022ರಲ್ಲಿ ನಾಲ್ಕು ಕೋರ್‌ನ ಫೈಬರ್‌ನಲ್ಲಿ ಸೆಕೆಂಡಿಗೆ ಒಂದು ಪೆಟಾಬಿಟ್, ಅಂದರೆ ಸಾವಿರ ಟೆರಾಬಿಟ್, ದಾಟಿಸಿತು. ಎಳೆಯ ದಪ್ಪ ಮಾತ್ರ ಮಾಮೂಲಿನಷ್ಟೇ, 0.125 ಮಿ.ಮೀ. 2023ರಲ್ಲಿ 38 ಕೋರ್ ಇಟ್ಟು 22.9 ಪೆಟಾಬಿಟ್. ಭೇಷ್ ಅನ್ನಬೇಕಾದ್ದೇ, ಆದರೆ ನನಗಂತೂ ಓದಿ ತಲೆ ಬಿಸಿಯಾಯಿತು. ಈಗ ಕೋರ್ ನಡುವಿನಲ್ಲಿ ಒಂದೇ ಇರುವುದರಿಂದ ಎರಡು ತುದಿ ಎದುರುಬದುರು ಹಿಡಿದರೆ ಸಾಕು, ಯಂತ್ರ ಬೆಸೆಯುತ್ತದೆ. ನಾಲ್ಕಿದ್ದರೆ ಎಳೆಯನ್ನು ತಿರುಗಿಸಿ ತಿರುಗಿಸಿ ಪ್ರತಿ ಕೋರ್ ತನ್ನ ಜೋಡಿಯ ಎದುರಿಗೇ ಕೂರುವಂತೆ ಮಾಡಬೇಕು. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ, ಜೆಸಿಬಿ ಕಿತ್ತುಹಾಕಿದ ಕೇಬಲ್ ಮುಂದೆ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಕೂತು 38 ಕೋರ್! ಪ್ರಯೋಗಾಲಯದವರು ಒಮ್ಮೆ ನಮ್ಮ ಜೊತೆ ಗುಂಡಿಗೆ ಇಳಿಯಲಿ ಅನ್ನಿಸುತ್ತದೆ, ಸುಮ್ನೆ ತಮಾಷೆಗೆ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ಎರಡು ವಿಷಯ ಹಾಕಿ ಸಾಕು: ಫೈಬರ್ ಮಾಮೂಲಿಯದೋ ಹೊಸದೋ, ಎಷ್ಟು ಕಿ.ಮೀ. ಹೋಯಿತು.

— ಫೈಬರ್ ಸ್ಪ್ಲೈಸಿಂಗ್ ಕೆಲಸಗಾರ, ತುಮಕೂರು