ಹುಲಿಗಿಂತ ಮೊದಲು

ಮೂಡಿಗೆರೆ
ಆಷಾಢದ ಒಂದು ಸಂಜೆ

ಪ್ರೀತಿಯ ಮಗಳೇ,

ಹಾಸನದಿಂದ ನೀನು ಕಳುಹಿಸಿದ ಹಸ್ತಪ್ರತಿ ಕೈಸೇರಿ ಹತ್ತು ದಿನವಾಯಿತು. ಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಹಗಲಿನ ಬೆಳಕಿಗೆ ಜಗಲಿಯಲ್ಲಿ ಕುಳಿತು ಎರಡು ಸಲ ಓದಿದೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ಕಟ್ಟಿದ, ಅದನ್ನು ಮುಳುಗಿಸಿದ ರಾಮಲಿಂಗ ರಾಜು ಅವರ ಬದುಕನ್ನು ಕನ್ನಡದಲ್ಲಿ ಬರೆಯಲು ನಮ್ಮ ಮನೆಯ ಹುಡುಗಿಯೊಬ್ಬಳು ಹೊರಟಿದ್ದಾಳೆಂಬುದು ನನಗೆ ನಿಜವಾದ ಸಂತೋಷ. 'ದೊಡ್ಡಪ್ಪ, ದಾಕ್ಷಿಣ್ಯ ಬೇಡ' ಎಂದು ಬರೆದಿದ್ದೀಯೆ. ದಾಕ್ಷಿಣ್ಯ ಮಾಡುವುದಿಲ್ಲ.

ಮೊದಲು ನಿನ್ನ ಹುಲಿಯ ವಿಷಯ. 2009ರ ಜನವರಿ 7ರಂದು ರಾಜು ತಮ್ಮ ಕಂಪನಿಯ ಆಡಳಿತ ಮಂಡಳಿಗೆ, ವರ್ಷಗಳಿಂದ ಲೆಕ್ಕದಲ್ಲಿ ಸುಳ್ಳು ತೋರಿಸುತ್ತ ಬಂದೆನೆಂದು ಬರೆದ ತಪ್ಪೊಪ್ಪಿಗೆಯ ಪತ್ರದಲ್ಲಿ, ಅದು ಹುಲಿಯ ಸವಾರಿಯಂತಿತ್ತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬ ಮಾತಿದೆ. ನೀನು ಅದನ್ನೇ ಪುಸ್ತಕದ ಹೆಸರು ಮಾಡಿದ್ದೀಯೆ. ಬೇಲೂರಿನ ಗುಡಿಯ ಬಾಗಿಲಲ್ಲಿ ಹುಲಿಯನ್ನು ಇರಿಯುತ್ತಿರುವ ಸಳನ ಶಿಲ್ಪದಿಂದ ಮೊದಲ ಅಧ್ಯಾಯ ತೆರೆಯುತ್ತದೆ. ಸಳನ ಕಥೆ ನಡೆದ ಸೊಸೆವೂರು, ಈಗಿನ ಅಂಗಡಿ, ನಮ್ಮ ತಾಲ್ಲೂಕಿನದೇ. ಹಾಗಾಗಿ ಆ ಪುಟ ಓದುವಾಗ ನನಗೂ ಹೆಮ್ಮೆಯಾಯಿತು. ಆದರೂ ತೆಗೆದುಬಿಡು. ಆ ಹುಲಿ ಆರೋಪಿ ತಾನೇ ಕರೆತಂದ ಸಾಕ್ಷಿ. ಹುಲಿ ಎಂದ ಕೂಡಲೇ ಓದುಗ ಸವಾರನಿಗಾಗಿ ಮರುಗುತ್ತಾನೆ. ಅದು ಮರಿಯಾಗಿದ್ದಾಗ ಹಾಲೆರೆದವರು ಯಾರೆಂದು ಕೇಳುವುದನ್ನು ಮರೆಯುತ್ತಾನೆ.

ಅದೇ ಪತ್ರದಲ್ಲಿ ಇನ್ನೊಂದು ವಾಕ್ಯವಿದೆ. ನಿಜವಾದ ಲಾಭಕ್ಕೂ ಲೆಕ್ಕದಲ್ಲಿ ತೋರಿಸಿದ ಲಾಭಕ್ಕೂ ನಡುವೆ ಮೊದಲಿಗೆ ಇದ್ದದ್ದು ಅಲ್ಪ ಅಂತರ, ವರ್ಷಗಳು ಕಳೆದಂತೆ ಅದು ಬೆಳೆಯುತ್ತ ಹೋಯಿತು ಎನ್ನುತ್ತಾರೆ ರಾಜು. ನೀನು ಅದನ್ನು 140ನೆಯ ಪುಟದಲ್ಲಿ ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀಯೆ. ನಿನ್ನ ಪುಸ್ತಕ ಇರುವುದು ಅಲ್ಲಿ.

ಆ ವಾಕ್ಯ ನನ್ನನ್ನು ಯಾಕೆ ಇಷ್ಟು ಚುಚ್ಚುತ್ತದೆ ಎಂದು ಹೇಳುತ್ತೇನೆ. ನನ್ನ ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಅವರ ಕೈಯಲ್ಲಿತ್ತು. ಒಂದು ಮಳೆಗಾಲ, ಜ್ವರದಿಂದ ಲೈನ್ ಮನೆಯಲ್ಲಿ ಮಲಗಿದ್ದ ಗಂಡ ಹೆಂಡಿರ ಹೆಸರಿಗೆ ಅಪ್ಪ ಒಂದು ವಾರ ಹಾಜರಿ ಹಾಕಿದರು. ಮಕ್ಕಳು ಉಪವಾಸ ಬೀಳಬಾರದೆಂಬ ಕರುಣೆ, ಅಷ್ಟೇ. ಮೇಸ್ತ್ರಿ ಅದನ್ನು ಕಂಡ. ಮುಂದಿನ ವಾರ ತಾನು ಹೇಳುವ ಎರಡು ಹೆಸರನ್ನೂ ಬರೆಯಿರಿ ಎಂದ. ಬೇಡವೆನ್ನಲು ಅಪ್ಪನಿಗೆ ಬಾಯಿ ಉಳಿದಿರಲಿಲ್ಲ. ಕೊಯ್ಲಿನ ಹೊತ್ತಿಗೆ ಪುಸ್ತಕದಲ್ಲಿದ್ದ ಹನ್ನೊಂದು ಆಳುಗಳು ತೋಟದಲ್ಲಿ ಎಲ್ಲಿಯೂ ಇರಲಿಲ್ಲ. ಆಳು ಹೆಚ್ಚಿದ ಮೇಲೆ ಕಣಕ್ಕೆ ಬರುವ ಹಣ್ಣೂ ಹೆಚ್ಚಬೇಕಲ್ಲ, ಅದಕ್ಕಾಗಿ ಹಣ್ಣಿನ ಲೆಕ್ಕವನ್ನೂ ತಿದ್ದಬೇಕಾಯಿತು. ಸೀಮೆಎಣ್ಣೆ ಬುಡ್ಡಿಯ ಮುಂದೆ ಅಪ್ಪ ನಡುರಾತ್ರಿ ಸುಮ್ಮನೆ ಕುಳಿತಿರುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಒಂದು ಬೆಳಿಗ್ಗೆ ತಾವೇ ಹೋಗಿ ಸಾಹುಕಾರರ ಮುಂದೆ ಪುಸ್ತಕ ಇಟ್ಟರು. ಕೆಲಸ ಹೋಯಿತು. ಎರಡು ಟ್ರಂಕು ಹೊತ್ತು ನಾವು ಬಸ್ ಹತ್ತಿದಾಗ ನನಗೆ ಒಂಬತ್ತು ವರ್ಷ.

ಹಾಗಾಗಿ ಮಗಳೇ, ಕೋಟಿಗಳ ಲೆಕ್ಕ ಬಂದ ಕೂಡಲೇ ಇದು ಬೇರೆ ಲೋಕದ ವಿಷಯವೆಂದು ನಾನು ಭಾವಿಸುವುದಿಲ್ಲ. ನೀನು ಅಂಕಿಗಳನ್ನೆಲ್ಲ ಕೋಷ್ಟಕ ಮಾಡಿ ಅನುಬಂಧಕ್ಕೆ ತಳ್ಳಿದ್ದೀಯೆ. ಕಥೆಯೊಳಗೆ ಕರೆದುಕೊಂಡು ಬಾ. ರಾಜು ಅವರ ಪತ್ರದ ಪ್ರಕಾರವೇ, 2008ರ ಸೆಪ್ಟೆಂಬರ್‌ಗೆ ಮುಗಿದ ಮೂರು ತಿಂಗಳಲ್ಲಿ ನಿಜವಾದ ಆದಾಯ 2,112 ಕೋಟಿ ರೂಪಾಯಿ, ತೋರಿಸಿದ್ದು 2,700 ಕೋಟಿ. ಖರ್ಚು ಕಳೆದು ಉಳಿದದ್ದು 61 ಕೋಟಿ, ತೋರಿಸಿದ್ದು 649 ಕೋಟಿ. ನೂರು ರೂಪಾಯಿ ದುಡಿದು ಮೂರು ಉಳಿಸಿದವನು ಇಪ್ಪತ್ನಾಲ್ಕು ಉಳಿಯಿತು ಎಂದ ಹಾಗೆ. ನಗದು ಮತ್ತು ಬ್ಯಾಂಕಿನಲ್ಲಿರುವ ಹಣ 5,361 ಕೋಟಿ ಎಂದು ಬರೆದಿದ್ದರು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಇಲ್ಲದ ಹಣಕ್ಕೆ 376 ಕೋಟಿ ಬಡ್ಡಿಯೂ ಬರಬೇಕಾಗಿದೆ ಎಂದು ಲೆಕ್ಕದಲ್ಲಿತ್ತು. ಈ ಬಡ್ಡಿಯನ್ನು ನೀನು ಬಿಟ್ಟೇಬಿಟ್ಟಿದ್ದೀಯೆ. ಕೊಟ್ಟಿಗೆಯಲ್ಲಿ ಇಲ್ಲದ ಹಸು ಕರುವನ್ನೂ ಹಾಕಿತು, ನೋಡು.

ಮೇಟಾಸ್ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆ. 2008ರ ಡಿಸೆಂಬರ್ 16ರಂದು ಸತ್ಯಂ, ರಾಜು ಅವರ ಮಕ್ಕಳು ನಡೆಸುತ್ತಿದ್ದ ನಿರ್ಮಾಣ ಮತ್ತು ಭೂಮಿ ವ್ಯವಹಾರದ, ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ನೀನು ಇದನ್ನು ಪುತ್ರವ್ಯಾಮೋಹ ಎಂದಿದ್ದೀಯೆ. ನನಗೆ ಹಾಗೆ ಕಾಣುವುದಿಲ್ಲ. ಗೋದಾಮಿನಲ್ಲಿ ಸಾವಿರ ಮೂಟೆ ಕಾಫಿ ಇದೆ ಎಂದು ಬರೆದುಕೊಂಡ ಯಜಮಾನನೊಬ್ಬನಿದ್ದಾನೆ ಎಂದುಕೊ. ಮೂಟೆಗಳಿಲ್ಲ. ಅವನು ಆ ಸಾವಿರ ಮೂಟೆ ಕೊಟ್ಟು ಮಗನ ತೋಟವನ್ನು ಕೊಂಡೆ ಎಂದು ಬರೆದರೆ, ಇಲ್ಲದ ಕಾಫಿ ಪುಸ್ತಕದಿಂದ ಇಳಿದುಹೋಗುತ್ತದೆ, ಇರುವ ಭೂಮಿ ಒಳಗೆ ಬರುತ್ತದೆ. ಮಗನಾದ್ದರಿಂದ ಮೂಟೆ ಎಲ್ಲಿ ಎಂದು ತಕ್ಷಣ ಕೇಳುವವರಿಲ್ಲ. ಸುಳ್ಳು ಆಸ್ತಿಯ ಜಾಗಕ್ಕೆ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಪ್ರಯತ್ನ ಅದಾಗಿತ್ತೆಂದು ಅವರೇ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಷೇರುದಾರರು ತಿರುಗಿಬಿದ್ದು ಕೆಲವೇ ಗಂಟೆಗಳಲ್ಲಿ ಅದು ಮುರಿದುಬಿತ್ತು. ಮೂರು ವಾರಗಳಿಗೆ ಪತ್ರ ಬಂತು. ಇದನ್ನು ನಿಧಾನವಾಗಿ, ಹತ್ತು ಪುಟವಾದರೂ ಸರಿ, ಬಿಡಿಸಿ ಬರೆ.

ಹೆಸರಿನ ಶ್ಲೇಷೆ ಬೇಡ. 'ಸತ್ಯ'ದ ಹೆಸರಿನಲ್ಲಿ ಸುಳ್ಳು ಎಂಬುದು ಆಗ ಎಲ್ಲರ ಬಾಯಲ್ಲೂ ಸವೆದುಹೋದ ಮಾತು. ಸತ್ಯಂ ಎಂಬುದು ಅವರ ತಂದೆ ಸತ್ಯನಾರಾಯಣ ರಾಜು ಅವರ ಹೆಸರಿನಿಂದ ಬಂದದ್ದು. 1987ರಲ್ಲಿ ಒಬ್ಬ ಮಗ ತಾನು ತೆರೆದ ಸಣ್ಣ ಕಂಪನಿಗೆ ಅಪ್ಪನ ಹೆಸರಿಟ್ಟ. ಅಷ್ಟನ್ನೇ ಬರೆದು ಸುಮ್ಮನಿರು.

ಆಪಾದನೆಗೂ ತೀರ್ಪಿಗೂ ನಡುವೆ ಗೆರೆ ಎಳೆ. 53 ಸಾವಿರ ನೌಕರರಲ್ಲಿ 13 ಸಾವಿರ ಜನ ಇಲ್ಲವೇ ಇಲ್ಲ ಎಂದು ಸರ್ಕಾರಿ ವಕೀಲರು ಬಂಧನದ ನಂತರ ನ್ಯಾಯಾಲಯದಲ್ಲಿ ಹೇಳಿದ್ದನ್ನು ನೀನು ಸಿದ್ಧಸತ್ಯವೆಂಬಂತೆ ಬರೆದಿದ್ದೀಯೆ. ಚೆಕ್‌ರೋಲ್ ಕಂಡ ನನಗೆ ಅದು ಬಲು ಹತ್ತಿರದ ಮಾತು. ಆದ್ದರಿಂದಲೇ ಅದನ್ನು ನಂಬಲು ನನಗೆ ಭಯ. ವಕೀಲರ ಮಾತನ್ನು ವಕೀಲರ ಮಾತೆಂದೇ ಬರೆ. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಜನರನ್ನು ತಪ್ಪಿತಸ್ಥರೆಂದು ಹೇಳಿ ಏಳು ವರ್ಷಗಳ ಜೈಲು ವಿಧಿಸಿದ್ದನ್ನು ತೀರ್ಪೆಂದು ಬರೆ. ಮರುತಿಂಗಳು ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿದ್ದನ್ನೂ ಬರೆ. ಅದನ್ನು ನೀನು ಹೇಳಿಲ್ಲ.

ಇನ್ನೊಂದು ವಿಷಯ. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತಿದೆ. ಕೆಲವು ವರ್ಷಗಳ ಹಿಂದೆ, ಇಂಥದೇ ಮಳೆಯ ರಾತ್ರಿ, ನಿನ್ನ ದೊಡ್ಡಮ್ಮನಿಗೆ ಎದೆನೋವು ಬಂತು. 108ಕ್ಕೆ ಫೋನ್ ಮಾಡಿದೆ. ಬಿದ್ದ ಮರವನ್ನು ಬಳಸಿಕೊಂಡು ಗಾಡಿ ನಮ್ಮ ಗೇಟಿನವರೆಗೆ ಬಂತು. ಅದರಲ್ಲಿದ್ದ ಹುಡುಗ ಹಾಸನ ಮುಟ್ಟುವವರೆಗೂ ಅವಳ ಕೈ ಬಿಡಲಿಲ್ಲ. ಆ 108 ಸೇವೆಯನ್ನು ನಡೆಸಿದ ಸಂಸ್ಥೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಹುಟ್ಟುಹಾಕಿದವರು ರಾಮಲಿಂಗ ರಾಜು. ನಮ್ಮ ರಾಜ್ಯಕ್ಕೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಅದು ಬಂದದ್ದು 2008ರ ನವೆಂಬರ್‌ನಲ್ಲಿ, ತಪ್ಪೊಪ್ಪಿಗೆಗೆ ಎರಡೇ ತಿಂಗಳ ಮುಂಚೆ. ಆ ಸಂಸ್ಥೆಯ ಹೊಣೆಯನ್ನು ಆಮೇಲೆ ಹೈದರಾಬಾದಿನದೇ ಉದ್ಯಮ ಸಮೂಹವಾದ ಜಿವಿಕೆಯವರು ಹೊತ್ತರು. ನೀನು ಇದನ್ನು 'ಸಮಾಜಸೇವೆ' ಎಂಬ ಕೊನೆಯ ಅಧ್ಯಾಯದಲ್ಲಿ, ಎಲ್ಲ ಮುಗಿದ ಮೇಲೆ, ಸಮಾಧಾನಕ್ಕೆಂಬಂತೆ ಇಟ್ಟಿದ್ದೀಯೆ. ಹಾಗೆ ಮಾಡಬೇಡ. ಇಲ್ಲದ ಠೇವಣಿಯ ಲೆಕ್ಕ ಬೆಳೆಯುತ್ತಿದ್ದ ವರ್ಷಗಳಲ್ಲೇ ಇದೂ ನಡೆಯಿತು. ಎರಡನ್ನೂ ಒಂದೇ ಪುಟದಲ್ಲಿ ಇಡು. ಒಂದರಿಂದ ಇನ್ನೊಂದನ್ನು ಕಳೆಯಬೇಡ, ಕೂಡಿಸಲೂ ಬೇಡ. ಆ ಮನುಷ್ಯನಿಗೆ ನಾನು ಋಣಿಯೋ ಅಲ್ಲವೋ ಎಂದು ಇಷ್ಟು ವರ್ಷವಾದರೂ ನನ್ನೊಳಗೆ ತೀರ್ಮಾನವಾಗಿಲ್ಲ. ಕಂಪನಿಯ ಷೇರಿನಲ್ಲಿ ಉಳಿತಾಯವಿಟ್ಟು ಕಳೆದುಕೊಂಡವರ ಮನೆಯಲ್ಲಿ ಈ ಪ್ರಶ್ನೆ ಬೇರೆ ರೀತಿಯಲ್ಲಿ ಇರುತ್ತದೆ. ಅಂಥ ಒಂದು ಮನೆಗಾದರೂ ನೀನು ಹೋಗಿ ಕುಳಿತು ಬರಬೇಕು.

ಭೀಮಾವರಂ ಕಡೆಗೂ ಹೋಗಿ ಬಾ. ಅವರು ಹುಟ್ಟಿ ಬೆಳೆದ ಆ ಗೋದಾವರಿ ಸೀಮೆಯ ಗದ್ದೆಗಳನ್ನು ನೀನು ನೋಡದೆ ಬರೆದಿದ್ದೀಯೆ ಎಂಬುದು ಮೂರನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಅಲ್ಲಿನ ಗದ್ದೆ ಸಕಲೇಶಪುರದ ಗದ್ದೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಇರುವುದಿಲ್ಲ.

ಹೋಗುವ ಮುಂಚೆ ಶ್ರಾವಣದಲ್ಲಿ ಒಮ್ಮೆ ಇಲ್ಲಿಗೆ ಬಾ. ದೊಡ್ಡಮ್ಮ ಕಳಲೆ ನೆನೆಹಾಕುತ್ತೇನೆ ಎಂದಿದ್ದಾಳೆ. ಅಪ್ಪನ ಕಚ್ಚಾ ಪುಸ್ತಕದ ಒಂದು ಹಾಳೆ ನನ್ನ ಬಳಿ ಉಳಿದಿದೆ, ಆ ಗಂಡ ಹೆಂಡಿರ ಹಾಜರಿ ಹಾಕಿದ ವಾರದ್ದು. ಉಳಿದ ಹೆಸರುಗಳೆಲ್ಲ ಅವಸರದ ಅಕ್ಷರದಲ್ಲಿವೆ. ಆ ಎರಡನ್ನು ಮಾತ್ರ ಅಪ್ಪ ಬಹಳ ದುಂಡಗೆ ಬರೆದಿದ್ದಾರೆ. ನಿನಗೆ ತೋರಿಸಬೇಕು.

ನಿನ್ನ
ದೊಡ್ಡಪ್ಪ