ಡಿಮೆನ್ಷಿಯಾ ತರಬೇತಿಗೆ ದುಡ್ಡು ಕೊಡುವಾಗ ನರ್ಸ್‌ಗಳ ಸಮಯವನ್ನೂ ಲೆಕ್ಕ ಹಾಕಿ

ಸಂಪಾದಕರಿಗೆ ನಮಸ್ಕಾರ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುವುದು ಹೇಗೆ ಅಂತ ಡಾಕ್ಟರು, ನರ್ಸು, ಆರೋಗ್ಯ ಕಾರ್ಯಕರ್ತೆಯರಿಗೆ ಆನ್‌ಲೈನ್‌ನಲ್ಲಿ ಕಲಿಸಬೇಕು, ಅದಕ್ಕೆ ಸರ್ಕಾರ ದುಡ್ಡು ಕೊಡಬೇಕು ಅನ್ನುವ ಮಾತು ಈಗೀಗ ಕೇಳಿಬರುತ್ತಿದೆ. ಕೊಡಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ದುಡ್ಡು ಯಾವುದಕ್ಕೆ ಖರ್ಚಾಗುತ್ತದೆ ಅನ್ನುವುದರ ಬಗ್ಗೆ ಒಂದು ತಕರಾರಿದೆ. ನಾನು ನಿವೃತ್ತ ಸ್ಟಾಫ್ ನರ್ಸ್. ತರಬೇತಿ ತೆಗೆದುಕೊಳ್ಳುವ ಕಡೆ ಕೂತು ಅಭ್ಯಾಸ ಇರುವವಳು, ಹಾಗಾಗಿ ಆ ಕಡೆಯಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು, ಇಷ್ಟೆಲ್ಲ ಯಾಕೆ ಬೇಕು ಅನ್ನುವವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಕೋಟಿ ಜನ ಹೊಸದಾಗಿ ಸೇರುತ್ತಾರೆ. ಇವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ನರರೋಗ ತಜ್ಞರು ಕೈಬೆರಳೆಣಿಕೆಯಷ್ಟಿರುವ ಕಡೆ. ಅಷ್ಟು ಜನರನ್ನೂ ತಜ್ಞರೇ ನೋಡುವುದು ಆಗದ ಮಾತು. ನೋಡುವವರು ಸಾಮಾನ್ಯ ಡಾಕ್ಟರು, ನರ್ಸು. ಅವರಿಗೇ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲ ಅನ್ನುವುದಕ್ಕೆ ಲೆಕ್ಕವೇ ಇದೆ. ಅಲ್ಜೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಸಂಸ್ಥೆಯ 2019ರ ಸಮೀಕ್ಷೆಯಲ್ಲಿ ಆರೋಗ್ಯ ಕ್ಷೇತ್ರದಲ್ಲೇ ಕೆಲಸ ಮಾಡುವವರ ಪೈಕಿ ಶೇ 62ರಷ್ಟು ಜನ, ಡಿಮೆನ್ಷಿಯಾ ಅಂದರೆ ವಯಸ್ಸಾದ ಮೇಲೆ ಸಹಜವಾಗಿ ಬರುವಂಥದ್ದು ಅಂತ ಹೇಳಿದ್ದರು. 2024ರಲ್ಲಿ ಮತ್ತೆ ಕೇಳಿದಾಗ ಶೇ 65. ಐದು ವರ್ಷದಲ್ಲಿ ಕಡಿಮೆಯಾಗಬೇಕಿತ್ತು ಅಲ್ವಾ? ಅದೇ ಸಂಸ್ಥೆಯ 2021ರ ವರದಿಯ ಅಂದಾಜು ನೋಡಿದರೆ, ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗೆ ಅದನ್ನು ಗುರುತಿಸಿ ಹೇಳಿದವರೇ ಇಲ್ಲ. ವಯಸ್ಸಾಯ್ತು, ಅರಳು ಮರಳು, ಮನೆಗೆ ಕರೆದುಕೊಂಡು ಹೋಗಿ ಅಂದು ಕಳಿಸಿದರೆ ಮನೆಯವರು ಇನ್ನೇನು ಮಾಡಬೇಕು?

ವಾರ್ಡಿನಲ್ಲಿ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಜ್ವರ, ಕೆಮ್ಮು ಅಂತ ಅಡ್ಮಿಟ್ ಆದ ಅಜ್ಜ ಮಧ್ಯರಾತ್ರಿ ಎದ್ದು ಡ್ರಿಪ್ ಕಿತ್ತು ಹಾಕುತ್ತಾರೆ, ಯಾರೋ ಕೊಲ್ಲಲು ಬಂದಿದ್ದಾರೆ ಅಂತ ಕೂಗುತ್ತಾರೆ, ಪಕ್ಕದ ಬೆಡ್ಡಿನವರೆಲ್ಲ ಎದ್ದು ಕೂರುತ್ತಾರೆ. ಡ್ಯೂಟಿ ಡಾಕ್ಟರು ಓಡಿ ಬಂದು ಹ್ಯಾಲೊಪೆರಿಡಾಲ್ ಅನ್ನುವ, ಉದ್ರೇಕ ತಗ್ಗಿಸುವ ಆ್ಯಂಟಿಸೈಕೋಟಿಕ್ ಇಂಜೆಕ್ಷನ್ ಬರೆಯುತ್ತಾರೆ, ಕೈ ಕಟ್ಟಿ ಅನ್ನುತ್ತಾರೆ. ಬೆಳಿಗ್ಗೆ ಕೇಸ್ ಶೀಟಿನಲ್ಲಿ ‘ಡಿಮೆನ್ಷಿಯಾ’ ಅಂತ ಬರೆದಾಗಿರುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದವರು ಒಂದೇ ರಾತ್ರಿಯಲ್ಲಿ ಹೀಗಾದರೆ ಅದು ಡೆಲಿರಿಯಂ, ಅಂದರೆ ಮೈಯ ಬೇರೆ ತೊಂದರೆಯಿಂದ ಏಕಾಏಕಿ ಬರುವ ಬುದ್ಧಿಯ ಗೊಂದಲ, ಇರಬಹುದು. ಸೋಂಕು, ಮೂತ್ರ ಕಟ್ಟಿಕೊಂಡಿರುವುದು, ಮಲಬದ್ಧತೆ, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಹೊಸದಾಗಿ ಕೊಟ್ಟ ಯಾವುದೋ ಮಾತ್ರೆ, ಹೀಗೆ ಹುಡುಕಿದರೆ ಸಿಗುವ ಕಾರಣಗಳಿರುತ್ತವೆ, ಕಾರಣ ಸರಿಹೋದರೆ ಎಷ್ಟೋ ಮಂದಿ ಮೊದಲಿನಂತಾಗುತ್ತಾರೆ. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವಂಥದ್ದು. ಇನ್ನೂ ಗೊಂದಲ ಅಂದರೆ, ಡಿಮೆನ್ಷಿಯಾ ಇರುವವರಿಗೇ ಡೆಲಿರಿಯಂ ಬೇಗ ಬರುತ್ತದೆ, ಎರಡೂ ಒಟ್ಟಿಗೆ ಇರುತ್ತವೆ.

ಆ ಇಂಜೆಕ್ಷನ್ ವಿಷಯವೂ ಸಣ್ಣದಲ್ಲ. ಲೆವಿ ಬಾಡಿ ಅನ್ನುವ ಬಗೆಯ ಡಿಮೆನ್ಷಿಯಾ ಇದ್ದವರಿಗೆ ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಮೈಯೆಲ್ಲ ಸೆಟೆದುಕೊಳ್ಳಬಹುದು, ಜೀವಕ್ಕೇ ಅಪಾಯವಾಗಬಹುದು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇಂಥ ಔಷಧಗಳಿಂದ ಸಾವಿನ ಸಾಧ್ಯತೆ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಔಷಧಗಳಿಗೂ, 2008ರಲ್ಲಿ ಹಳೆಯವಕ್ಕೂ ಎಚ್ಚರಿಕೆ ಕೊಟ್ಟಿದೆ. ಹಾಗಂತ ಯಾವತ್ತೂ ಕೊಡಲೇಬಾರದು ಅಂತಲ್ಲ. ಯಾವಾಗ, ಎಷ್ಟು, ಎಷ್ಟು ದಿನ, ಅದಕ್ಕೂ ಮೊದಲು ಏನು ಮಾಡಿ ನೋಡಬೇಕು ಅನ್ನುವುದು ಗೊತ್ತಿರಬೇಕು. ನೋವಿದ್ದರೂ ಹೇಳಲು ಬಾರದೆ ಕೂಗುತ್ತಿರುವವರಿಗೆ ನಿದ್ದೆ ಬರಿಸುವ ಔಷಧ ಕೊಟ್ಟು ಮಲಗಿಸಿದರೆ ವಾರ್ಡು ತಣ್ಣಗಾಗುತ್ತದೆ, ನೋವು ಅಲ್ಲೇ ಇರುತ್ತದೆ.

ಮರೆವು ಅಂತ ಬರುವವರದ್ದೂ ಇದೇ ಕತೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ರಕ್ತ ಕಟ್ಟಿರುವುದು, ಮೂತ್ರದ ತೊಂದರೆಗೋ ಅಲರ್ಜಿಗೋ ತೆಗೆದುಕೊಳ್ಳುವ ಕೆಲವು ಮಾತ್ರೆಗಳು, ಇವೆಲ್ಲ ಮರೆವಿನ ಹಾಗೆಯೇ ಕಾಣಬಹುದು. ಎಷ್ಟೋ ಸಲ ಕಿವಿಯೇ ಕೇಳುತ್ತಿರುವುದಿಲ್ಲ, ಪ್ರಶ್ನೆ ಕೇಳಿಸದೆ ತಪ್ಪು ಉತ್ತರ ಕೊಡುತ್ತಾರೆ. ಓದು ಬರಹ ಕಲಿಯದವರಿಗೆ ‘ಒಂದು ವಾಕ್ಯ ಬರೆಯಿರಿ’ ಅಂತ ಪರೀಕ್ಷೆ ಕೊಟ್ಟು, ಅವರು ಬರೆಯದಿದ್ದಾಗ ಅಂಕ ಕಳೆಯುವುದೂ ನಡೆಯುತ್ತದೆ. ಇದಕ್ಕೆಲ್ಲ ದೊಡ್ಡ ಮೆಷಿನ್ ಬೇಡ. ಕೇಳಬೇಕಾದ ಪ್ರಶ್ನೆ ಗೊತ್ತಿರಬೇಕು, ಅಷ್ಟೇ.

ಇದನ್ನು ದೂರದಿಂದ ಕಲಿಸಲು ಆಗುತ್ತದಾ? ಆಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಅನ್ನುವ ಲಿವರ್ ತಜ್ಞರಿದ್ದಾರೆ. ಹೆಪಟೈಟಿಸ್ ಸಿ ರೋಗಿಗಳು ಅವರ ಕ್ಲಿನಿಕ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. 2003ರಲ್ಲಿ ಅವರು ಪ್ರಾಜೆಕ್ಟ್ ಎಕೋ ಅಂತ ಶುರು ಮಾಡಿದರು. ಊರೂರಿನ ಡಾಕ್ಟರು, ನರ್ಸುಗಳು ನಿಗದಿಯಾದ ಹೊತ್ತಿಗೆ ವಿಡಿಯೋ ಕಾಲ್‌ನಲ್ಲಿ ಸೇರುತ್ತಾರೆ, ರೋಗಿಯ ಹೆಸರು ಬಿಟ್ಟು ಕೇಸ್ ಹೇಳುತ್ತಾರೆ, ತಜ್ಞರು ಮತ್ತು ಉಳಿದವರು ಚರ್ಚೆ ಮಾಡುತ್ತಾರೆ. ರೋಗಿ ತಮ್ಮ ಊರಿನ ಡಾಕ್ಟರ ಹತ್ತಿರವೇ ಉಳಿಯುತ್ತಾರೆ. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದರ ಫಲಿತಾಂಶ ಬಂತು. ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಫಲಿಸಿದ್ದು ಶೇ 57.5 ರೋಗಿಗಳಿಗೆ, ಹೀಗೆ ಕಲಿತವರು ನೋಡಿದ ಹಳ್ಳಿ ಮತ್ತು ಜೈಲುಗಳ ಕ್ಲಿನಿಕ್‌ಗಳಲ್ಲಿ ಶೇ 58.2. ಅಂದರೆ ಹೆಚ್ಚುಕಡಿಮೆ ಒಂದೇ.

ಆಮೇಲೆ ಇದೇ ಪದ್ಧತಿ ಡಿಮೆನ್ಷಿಯಾಕ್ಕೂ ಬಂತು, ಅಮೆರಿಕದ ಅಲ್ಜೈಮರ್ಸ್ ಅಸೋಸಿಯೇಷನ್ 2018ರಿಂದ ನಡೆಸುತ್ತಿದೆ. ನಮ್ಮ ನಿಮ್ಹಾನ್ಸ್ ಕೂಡ 2014ರಿಂದಲೇ ವ್ಯಸನ ಮತ್ತು ಮಾನಸಿಕ ಕಾಯಿಲೆಗಳ ವಿಷಯದಲ್ಲಿ ಎಕೋ ನಡೆಸಿದೆ. ಅದಕ್ಕೂ ಮುಂಚೆ, ಇಂಟರ್ನೆಟ್ಟೇ ಇಲ್ಲದ 80ರ ದಶಕದಲ್ಲಿ, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ನೋಡುವುದನ್ನು ನಿಮ್ಹಾನ್ಸ್ ಕಲಿಸಿತ್ತು, 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತಜ್ಞರಲ್ಲದವರಿಗೆ ಕಲಿಸಬಹುದು ಅನ್ನುವುದು ಹೊಸ ವಿಚಾರವೇನಲ್ಲ.

ಒಂದು ಎಚ್ಚರಿಕೆ. ಹೆಪಟೈಟಿಸ್ ಸಿ ಗುಣವಾಗುವ ಕಾಯಿಲೆ, ಗುಣವಾಯಿತೋ ಇಲ್ಲವೋ ಅಂತ ರಕ್ತ ಪರೀಕ್ಷೆ ಹೇಳುತ್ತದೆ. ಡಿಮೆನ್ಷಿಯಾದಲ್ಲಿ ಹಾಗಿಲ್ಲ. ಆ ಅಂಕಿಗಳನ್ನು ತಂದು ಇಲ್ಲಿ ಹಾಗ್ಹಾಗೇ ಅಂಟಿಸಲು ಬರುವುದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಆನ್‌ಲೈನ್ ತರಬೇತಿ ಅಂದ ಕೂಡಲೇ ಮೇಲಿನವರ ತಲೆಗೆ ಬರುವುದು ವಿಡಿಯೋ. ಒಬ್ಬ ದೊಡ್ಡ ಪ್ರೊಫೆಸರರನ್ನು ಕೂರಿಸಿ ಒಂದಷ್ಟು ಗಂಟೆ ಮಾತಾಡಿಸಿ ರೆಕಾರ್ಡ್ ಮಾಡುವುದು, ಒಂದು ಪೋರ್ಟಲ್, ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟ್. ಇಷ್ಟು ಸಾವಿರ ಜನರಿಗೆ ತರಬೇತಿ ಆಯಿತು ಅಂತ ಪತ್ರಿಕಾ ಪ್ರಕಟಣೆ. ಆ ವಿಡಿಯೋಗಳನ್ನು ನಾವು ಹೇಗೆ ನೋಡುತ್ತಿದ್ದೆವು ಗೊತ್ತಾ? ಫೋನಿನಲ್ಲಿ ಹಾಕಿ ಮೇಜಿನ ಮೇಲಿಟ್ಟು ನಮ್ಮ ಕೆಲಸ ಮಾಡುತ್ತಿದ್ದೆವು. ನಡುವೆ ‘ಮುಂದೆ’ ಅಂತ ಒತ್ತಲು ಮಾತ್ರ ಯಾರಾದರೂ ಹತ್ತಿರ ಇರಬೇಕಿತ್ತು. ಉತ್ತರಗಳು ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತಿದ್ದವು. ಸೋಮಾರಿಗಳು ಅಂತ ಬೈಯುವ ಮುಂಚೆ ಯೋಚಿಸಿ, ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೆ ನೋಡಿ ಅಂದರೆ ಯಾರು ನೋಡುತ್ತಾರೆ?

ಎಕೋ ನಡೆಯುವುದು ಕೇಸ್ ಚರ್ಚೆಯಿಂದ, ಅದಕ್ಕೆ ಕೂತು ಮಾತಾಡುವಷ್ಟು ಬಿಡುವು ಬೇಕು. ಒಬ್ಬರೇ ಡಾಕ್ಟರಿರುವ ಕ್ಲಿನಿಕ್‌ನಲ್ಲಿ ಅವರು ಒಂದು ಗಂಟೆ ಸ್ಕ್ರೀನ್ ಮುಂದೆ ಕೂತರೆ ಹೊರಗೆ ಕ್ಯೂ ನಿಲ್ಲುತ್ತದೆ. ಮೂವತ್ತು ಬೆಡ್ಡಿಗೆ ಇಬ್ಬರು ನರ್ಸಿದ್ದರೆ ಒಬ್ಬರು ಎದ್ದು ಹೋಗಲಾಗುವುದಿಲ್ಲ. ಆದ್ದರಿಂದ ಸಾರ್ವಜನಿಕ ಹಣದಲ್ಲಿ ಮೊದಲು ಎತ್ತಿಡಬೇಕಾದ್ದು ಆ ಗಂಟೆಗೆ. ಬದಲಿ ಡಾಕ್ಟರು, ಬದಲಿ ನರ್ಸು, ಅಥವಾ ತರಬೇತಿಯ ಗಂಟೆಯನ್ನು ಡ್ಯೂಟಿ ಅಂತಲೇ ರೋಸ್ಟರಿನಲ್ಲಿ ಬರೆಯುವುದು. ಕಲಿಸುವ ತಜ್ಞರ ಸಮಯಕ್ಕೂ ಸಂಬಳ ಸಿಗಬೇಕು, ಸೇವೆ ಅಂತ ಎಷ್ಟು ದಿನ ಮಾಡುತ್ತಾರೆ? ಕೇಸ್‌ಗಳನ್ನು ಜೋಡಿಸಿ, ಫೋನ್ ಮಾಡಿ ಜನರನ್ನು ಸೇರಿಸಿ, ಮುಂದಿನ ವಾರ ಆ ರೋಗಿ ಹೇಗಿದ್ದಾರೆ ಅಂತ ವಿಚಾರಿಸುವ ಕೋಆರ್ಡಿನೇಟರ್ ಒಬ್ಬರು ಬೇಕೇಬೇಕು. ಕಲಿಯುವವರ ಭಾಷೆಯಲ್ಲಿ ಪಾಠ ಬೇಕು. ಪೋರ್ಟಲ್ ಕಡೆಗಿರಲಿ.

ಸ್ಕ್ರೀನಿನಲ್ಲಿ ಬಾರದ್ದೂ ಇದೆ. ನುಂಗಲು ಕಷ್ಟವಿರುವವರಿಗೆ ಉಸಿರಿನ ನಾಳಕ್ಕೆ ಹೋಗದ ಹಾಗೆ ಉಣಿಸುವುದು, ಸ್ನಾನಕ್ಕೆ ಹೆದರುವವರನ್ನು ಒಪ್ಪಿಸುವುದು, ನಡಿಗೆ ನೋಡಿ ಅಂದಾಜು ಮಾಡುವುದು, ಇವನ್ನು ಪಕ್ಕದಲ್ಲಿ ನಿಂತೇ ಕಲಿಸಬೇಕು. ವರ್ಷಕ್ಕೆ ಒಂದೆರಡು ದಿನವಾದರೂ ಅದಕ್ಕಿರಲಿ. ಈ ಕೆಲಸ ಜಾಸ್ತಿ ಮಾಡುವವರು ಆಯಾಗಳು, ಮನೆಗೆ ಬಂದು ನೋಡಿಕೊಳ್ಳುವ ಅಟೆಂಡರ್‌ಗಳು. ಅವರ ಹೆಸರು ಎಷ್ಟೋ ತರಬೇತಿ ಪಟ್ಟಿಗಳಲ್ಲಿ ಇರುವುದೇ ಇಲ್ಲ.

ಸರ್ಕಾರವೇ ಯಾಕೆ, ಔಷಧ ಕಂಪನಿಗಳು ಕೊಡುತ್ತವಲ್ಲ ಅನ್ನಬಹುದು. ಕೊಡುತ್ತವೆ, ಒಳ್ಳೆಯ ಹೋಟೆಲಿನಲ್ಲಿ ಊಟವನ್ನೂ ಹಾಕಿಸುತ್ತವೆ. ಆದರೆ ಅಮೆರಿಕದಲ್ಲಿ 2023ರಲ್ಲಿ ಹೊಸ ಔಷಧ ಲೆಕಾನೆಮ್ಯಾಬ್‌ಗೆ, 2024ರಲ್ಲಿ ಡೊನಾನೆಮ್ಯಾಬ್‌ಗೆ ಪೂರ್ಣ ಒಪ್ಪಿಗೆ ಸಿಕ್ಕ ಮೇಲೆ ಕಂಪನಿಗಳಿಗೆ ಯಾವ ಪಾಠದಲ್ಲಿ ಆಸಕ್ತಿ ಇರುತ್ತದೆ ಅಂತ ಹೇಳಬೇಕಾಗಿಲ್ಲ. ಆ ಔಷಧಗಳು ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್ಸ್‌ನ ಆರಂಭದ ಹಂತದಲ್ಲಿರುವವರಿಗೆ ಮಾತ್ರ. ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ, ಗುಣ ಮಾಡುವುದಿಲ್ಲ. ಮಿದುಳಿನಲ್ಲಿ ಬಾವು, ರಕ್ತಸ್ರಾವ ಆಗಬಹುದು ಅಂತ ಮತ್ತೆ ಮತ್ತೆ ಎಂಆರ್‌ಐ ಮಾಡಬೇಕು. ಅವುಗಳ ಪಾಠವೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಈ ಮಾತ್ರೆ ನಿಲ್ಲಿಸಿ ನೋಡಿ, ಕಿವಿಯ ಮೆಷಿನ್ ಹಾಕಿಸಿ, ಮನೆಯಲ್ಲಿ ನೋಡಿಕೊಳ್ಳುವವರಿಗೆ ನಿದ್ದೆ ಆಗುತ್ತಿದೆಯಾ ಅಂತ ಕೇಳಿ ಅನ್ನುವ ಪಾಠದಿಂದ ಯಾವ ಔಷಧ ಕಂಪನಿಗೂ ಲಾಭವಿಲ್ಲ. ಅದನ್ನು ಸಾರ್ವಜನಿಕ ಹಣವೇ ಕಲಿಸಬೇಕು.

ದುಡ್ಡೆಲ್ಲಿಂದ ಅನ್ನುವವರಿಗೆ ಒಂದು ಲೆಕ್ಕ. 2019ರಲ್ಲಿ ಡಿಮೆನ್ಷಿಯಾಕ್ಕಾಗಿ ಜಗತ್ತು ಹೊತ್ತ ಖರ್ಚು 1.3 ಲಕ್ಷ ಕೋಟಿ ಡಾಲರ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ಸುಮಾರು ಅರ್ಧ ಮನೆಯವರು ಸಂಬಳವಿಲ್ಲದೆ ಮಾಡುವ ಆರೈಕೆಯ ಬೆಲೆ, ಆ ಆರೈಕೆಯ ಗಂಟೆಗಳಲ್ಲಿ ಶೇ 70 ಹೆಂಗಸರದ್ದು. ಖರ್ಚು ಈಗಾಗಲೇ ಆಗುತ್ತಿದೆ, ಬಜೆಟ್ ಪುಸ್ತಕದಲ್ಲಿ ಕಾಣುತ್ತಿಲ್ಲ ಅಷ್ಟೇ. 2017ರಲ್ಲಿ ದೇಶಗಳೆಲ್ಲ ಸೇರಿ ಡಿಮೆನ್ಷಿಯಾ ಬಗ್ಗೆ ಜಾಗತಿಕ ಕ್ರಿಯಾ ಯೋಜನೆಗೆ ಒಪ್ಪಿದ್ದವು. 2025ರ ಹೊತ್ತಿಗೆ ಗುರಿ ಮುಟ್ಟಲಿಲ್ಲ, 2031ಕ್ಕೆ ಮುಂದೆ ಹಾಕಿಕೊಂಡಿವೆ. ಸಿಬ್ಬಂದಿಗೆ ತರಬೇತಿ ಕೊಡುವುದೂ ಆ ಯೋಜನೆಯಲ್ಲಿದೆ.

ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳುವವರು ಎಷ್ಟು ಸರ್ಟಿಫಿಕೇಟ್ ಹಂಚಿದಿರಿ ಅಂತ ಮಾತ್ರ ಕೇಳಬೇಡಿ. ತರಬೇತಿ ಆದ ಕ್ಲಿನಿಕ್‌ನಲ್ಲಿ ಈ ವರ್ಷ ಎಷ್ಟು ಜನರಿಗೆ ಹೊಸದಾಗಿ ಕಾಯಿಲೆ ಗುರುತಿಸಿದ್ದಾರೆ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಎಷ್ಟು ಜನರಿಗೆ ಮಾಡಿಸಿದ್ದಾರೆ, ನಿದ್ದೆ ಬರಿಸುವ ಮತ್ತು ಆ್ಯಂಟಿಸೈಕೋಟಿಕ್ ಮಾತ್ರೆ ಬರೆಯುವುದು ಕಡಿಮೆಯಾಯಿತಾ, ರಾತ್ರಿ ಕೈಕಟ್ಟುವುದು ನಿಂತಿತಾ, ಮನೆಯವರ ಹತ್ತಿರ ಯಾರಾದರೂ ಕೂತು ಮಾತಾಡಿದರಾ ಅಂತ ಕೇಳಿ. ಇವು ರಿಜಿಸ್ಟರಿನಲ್ಲೋ ಕೇಸ್ ಶೀಟಿನಲ್ಲೋ ಸಿಗುವ ಮಾಹಿತಿ. ಜೊತೆಗೆ, ಆ ತರಬೇತಿಯ ಗಂಟೆ ನಿಮ್ಮ ಡ್ಯೂಟಿಯಲ್ಲಿತ್ತಾ ಅಂತ ನರ್ಸುಗಳನ್ನೇ ಕರೆದು ಕೇಳಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ನಿವೃತ್ತ ಸ್ಟಾಫ್ ನರ್ಸ್