ನೇವಿ ಕನಸಿನ ಹುಡುಗ ಹುಡುಗ್ಯಾರಿಗೆ: ತರಂಗಿಣಿ ಹಡಗದ ವಿಷಯ

ನಮಸ್ಕಾರ್ರಿ ಎಲ್ಲಾರಿಗೂ. ಜಿಪಿಎಸ್ ಇರೋ ಕಾಲದಾಗ ನೇವಿಯವ್ರು ಹಾಯಿ ಹಡಗದ ಮ್ಯಾಲೆ ಯಾಕ ಟ್ರೇನಿಂಗ್ ಕೊಡ್ತಾರ ಅಂತ ನಮ್ಮ ಬೆಳಗಾವಿ ಎನ್‌ಡಿಎ (ಸೈನ್ಯ, ನೇವಿ, ಏರ್‌ಫೋರ್ಸ್ ಆಫೀಸರ್ ಆಗೋರಿಗೆ ಟ್ರೇನಿಂಗ್ ಕೊಡೋ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪರೀಕ್ಷೆ ಕ್ಲಾಸಿನ ಹುಡುಗ್ರು ಕೇಳಾಕತ್ತಿದ್ರಲ್ಲ. ಇಂಥಾ ಟ್ರೇನಿಂಗ್ ಹಾಯಿ ಹಡಗ ಐಎನ್‌ಎಸ್ ತರಂಗಿಣಿ, ನಮ್ಮ ಬಾಜೂಕಿನ ಗೋವಾ ಶಿಪ್‌ಯಾರ್ಡ್‌ನಾಗ ಕಟ್ಟಿದ್ದು, 1997ರಾಗ ನೇವಿಗೆ ಸೇರೇತಿ, ಮೂರು ಕಂಬ, 20 ಹಾಯಿ. ಕೆಡೆಟ್‌ಗಳು ತಾವ ಕಂಬ ಏರಿ ಹಾಯಿ ಬಿಚ್ಚಬೇಕು, ಹಗ್ಗ ಎಳೀಬೇಕು, ಗಾಳಿ ಯಾ ಕಡೆ ತಿರುಗೇತಿ ಅನ್ನೂದು ಮೈಯಿಗೇ ತಿಳೀಬೇಕು, ಒಬ್ಬಾಂವ ಕೈಬಿಟ್ರ ಎಲ್ಲಾರಿಗೂ ತ್ರಾಸು, ಇದನ್ನ ಯಾವ ಸಿಮ್ಯುಲೇಟರೂ ಕಲಿಸಂಗಿಲ್ಲ ಅಂತ ನನಗ ಖಾತ್ರಿ ಐತಿ. 2003-04ರಾಗ ಇದು ಇಡೀ ಜಗತ್ತು ಸುತ್ತಿ ಬಂತು ನೋಡ್ರಿ! ಇದರ ತಂಗಿ ಹಡಗ ಸುದರ್ಶಿನಿ 2012ರಾಗ ಬಂತು. ನಮ್ಮೂರಾಗ ಸಮುದ್ರ ಇಲ್ಲಂತ ಹಿಂಜರೀಬ್ಯಾಡ್ರಿ, ಈಜು ಮಾತ್ರ ಈಗಿಂದನ ಕಲೀರಿ. ರವಿವಾರ ಮುಂಜಾನೆ ಕ್ಲಾಸಿನಾಗ ತರಂಗಿಣಿ ವಿಡಿಯೋ ಹಚ್ತೀವಿ, ಹುಡುಗ್ಯಾರೂ ತಪ್ಪದ ಬರ್ರಿ, 2022ರಿಂದ ಎನ್‌ಡಿಎಗೆ ಅವರೂ ಸೇರಾಕತ್ತಾರ.